ಪರದೆಯ ಬಳಿ ಪೀರಬಿ

ಸ್ವಲ್ಪ ಮೆಲ್ಲಗೆ ಬಡಿ ಎಂದು ಅಖ್ತರಬೇಗಂ ಅಡುಗೆಮನೆಯ ಬಾಗಿಲಲ್ಲಿ ನಿಂತು ನಗುತ್ತಲೇ ಹೇಳಿದಳು. ಹೇಳಿದ್ದು ಉರ್ದುವಿನಲ್ಲಿ. ಸದ್ದು ಕೆಳಗಿನ ಮನೆಗೆ ಕೇಳುತ್ತದಂತೆ. ಅವರು ಲಖನೌದವರು, ರೊಟ್ಟಿ ಬಡಿಯುವ ಸದ್ದು ಅವರಿಗೆ ಗೊತ್ತಿಲ್ಲ, ಮೇಲಿನವರು ಹೊತ್ತಲ್ಲದ ಹೊತ್ತಿನಲ್ಲಿ ಬಟ್ಟೆ ಒಗೆಯುತ್ತಾರೆ ಅಂದುಕೊಂಡಾರು. ಶಮಶಾದಬಿ ಎತ್ತಿದ ಕೈಯನ್ನು ಹಿಟ್ಟಿನ ಮೇಲೆ ಹಾಗೆಯೇ ಹಿಡಿದಳು. ಆಮೇಲೆ ಬೆರಳ ತುದಿಯಿಂದ ಒತ್ತಿ ಒತ್ತಿ ಅಗಲ ಮಾಡಲು ನೋಡಿದಳು. ಜೋಳದ ಹಿಟ್ಟು ಅಂಚಿನಲ್ಲಿ ಬಿರುಕು ಬಿಟ್ಟಿತು. ಸಿಂದಗಿಯಲ್ಲಿ ಬೆಳಗಾದರೆ ಓಣಿಯ ತುಂಬ ಇದೇ ಸದ್ದು. ಯಾರ ಮನೆಯಲ್ಲಿ ಎಷ್ಟು ಮಂದಿ ಉಣ್ಣುವವರು, ಯಾರ ಮನೆಯಲ್ಲಿ ನೆಂಟರು ಬಂದಿದ್ದಾರೆ ಎಂಬುದು ಗೋಡೆಯಾಚೆಗೇ ತಿಳಿಯುತ್ತಿತ್ತು. ಇಲ್ಲಿ ಮೂರನೆಯ ಮಾಳಿಗೆಯ ಈ ಕಿರಿದಾದ ಅಡುಗೆಮನೆಯಲ್ಲಿ, ಕಿಟಕಿಯಿಂದ ಬರುವ ಉಪ್ಪು ಗಾಳಿಯಲ್ಲಿ, ತನ್ನ ಕೈಗೇ ತಾನು ಹೆದರುತ್ತಿದ್ದೇನಲ್ಲ ಅನ್ನಿಸಿ ಅವಳಿಗೆ ನಾಚಿಕೆಯಾಯಿತು. ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಪೀರಬಿಯ ಧ್ವನಿ ಬಂತು. "ಯಾರವ್ವಾ ರೊಟ್ಟಿ ಬಡಿಯಾಕತ್ತೀರಿ? ಯಾಕ ನಿಲ್ಲಿಸಿದ್ರಿ?" ಶಮಶಾದಬಿ ಅಖ್ತರಬೇಗಂಳ ಮುಖ ನೋಡಿದಳು. ಅವಳು ತನಗೆ ಕೇಳಿಸಿಯೇ ಇಲ್ಲವೆಂಬಂತೆ ಕಪ್ಪುಗಳನ್ನು ಒರೆಸುತ್ತಿದ್ದಳು. ಸಂಜೆ ಚಹಕ್ಕೆ ಕೆಳಗಿನ ಮನೆಯ ಬೇಗಂ ಬರುವವಳಿದ್ದಳು.

ಬೇಸಿಗೆ ಸೂಟಿಗೆಂದು ಶಮಶಾದಬಿ, ಗಂಡ ಮೋದಿನಸಾಬ, ಮಗಳು ಜನ್ನತಬಿ ಕರಾಚಿಗೆ ಬಂದು ಬಹಳ ದಿನವೇನೂ ಆಗಿರಲಿಲ್ಲ. ಬರುವುದೆಂದರೆ ಸುಲಭವೂ ಆಗಿರಲಿಲ್ಲ. ಪಾಸ್‌ಪೋರ್ಟಿಗಾಗಿ ಮೋದಿನಸಾಬ ವಿಜಾಪುರಕ್ಕೆ ಎಷ್ಟು ಸಲ ಅಲೆದನೋ. ಸಾಲೆಯ ಮಾಸ್ತರನಿಗೆ ಪಾಕಿಸ್ತಾನದಲ್ಲೇನು ಕೆಲಸ ಎಂದು ಪ್ರತಿ ಕಚೇರಿಯಲ್ಲೂ ಕೇಳಿದರು, ಪ್ರತಿ ಕಚೇರಿಯಲ್ಲೂ ಅವನು ಗೆಳೆಯನಿದ್ದಾನೆ ಎಂದ. ಅಮೀನುದ್ದೀನ ಗೆಳೆಯನೇ ಹೌದು. ಬಸವನ ಬಾಗೇವಾಡಿಯ ಸಾಲೆಯಲ್ಲಿ ಒಂದೇ ಪಾಟಿಯ ಮೇಲೆ ಬರೆದವರು ಇಬ್ಬರೂ. ತಾಯಿಯಿಲ್ಲದ ಮೋದಿನಸಾಬ ಸಾಲೆ ಬಿಟ್ಟೊಡನೆ ನೇರ ಅಮೀನನ ಮನೆಗೆ ಹೋಗಿ, ಅಮೀನನ ತಾಯಿ ಪೀರಬಿ ಹಾಕಿದ್ದನ್ನು ಉಂಡು ಬೆಳೆದವನು. ಲಗ್ನದಲ್ಲಿ ಅತ್ತೆಯ ಸ್ಥಾನದಲ್ಲಿ ನಿಂತು ಶಮಶಾದಬಿಯನ್ನು ಮನೆ ತುಂಬಿಸಿಕೊಂಡವಳೂ ಪೀರಬಿಯೇ. ಜನ್ನತಬಿ ಹುಟ್ಟಿದಾಗ ಸಿಂದಗಿಗೆ ಬಂದು, ಬಾಣಂತಿಯ ತಲೆಗೆ ಎಣ್ಣೆ ತಿಕ್ಕುತ್ತ, ಮೋರಟಗಿಯ ತನ್ನ ತವರಿನ ಹೊಲದ ಕಥೆ ಹೇಳುತ್ತ ಕೂತಿದ್ದವಳು. ದೇಶ ಇಬ್ಭಾಗವಾದ ಗಲಾಟೆಯ ಮರುವರ್ಷ ಅಮೀನುದ್ದೀನ ಯಾರಿಗೂ ಸರಿಯಾಗಿ ಹೇಳದೆ ಸಂಸಾರ ಕಟ್ಟಿಕೊಂಡು ಹೊರಟಾಗ ಪೀರಬಿ ಟಾಂಗಾದಲ್ಲಿ ಹಿಂದುಮುಂದಾಗಿ, ಊರಿನ ಕಡೆ ಮುಖ ಮಾಡಿ ಕೂತಿದ್ದಳಂತೆ. ಮುಂಬಯಿಯಿಂದ ಹಡಗಿನ ಡೆಕ್ಕಿನ ಮೇಲೆ, ವಾಂತಿಯ ವಾಸನೆಯ ನಡುವೆ, ಶಮಶಾದಬಿ ನೆನೆಸಿಕೊಂಡು ಬಂದದ್ದು ಕರಾಚಿಯನ್ನಲ್ಲ, ಆ ಮುದುಕಿಯನ್ನು. ಆದರೆ ಬಂದ ದಿನ ಬಾಗಿಲು ತೆರೆದ ಅಮೀನನ ಹೆಂಡತಿ ಅಖ್ತರಬೇಗಂ ಎರಡೂ ಕೈ ಹಿಡಿದು ಒಳಗೆ ಕರೆದು, ಮೊದಲು ಹೇಳಿದ ಮಾತು ಇದು. ಇಲ್ಲಿ ನಾವು ಹೈದರಾಬಾದಿನವರು ಅಂತ ಹೇಳಿದ್ದೇವೆ, ನೀವೂ ಹಾಗೇ ಹೇಳಿರಿ. ಬಿಜಾಪುರ, ಬಾಗೇವಾಡಿ ಅಂದರೆ ಇಲ್ಲಿ ಯಾರಿಗೆ ತಿಳಿಯುತ್ತದೆ?

ಅದರಲ್ಲಿ ತಪ್ಪೇನು ಎಂದು ಶಮಶಾದಬಿ ಆಗ ಅಂದುಕೊಂಡಿದ್ದಳು. ಊರಿನ ಹೆಸರು ದೊಡ್ಡದು ಮಾಡಿ ಹೇಳುವುದು ಲೋಕದಲ್ಲಿ ಇದ್ದದ್ದೇ. ಅವಳ ಅಪ್ಪ ನಿಡಗುಂದಿಯ ಹತ್ತಿರದ ಹಳ್ಳಿಯವನು. ದೂರದವರು ಕೇಳಿದರೆ ವಿಜಾಪುರ ಅನ್ನುತ್ತಿದ್ದ. ಆದರೆ ಈ ಮನೆಯಲ್ಲಿ ಬದಲಾದದ್ದು ಊರೊಂದೇ ಅಲ್ಲ ಎಂಬುದು ದಿನಕ್ಕಿಷ್ಟು ಗೊತ್ತಾಗುತ್ತ ಹೋಯಿತು. ಅಮೀನನ ಮಗಳು ದಾವಲಬಿಯನ್ನು ಈಗ ದುರ್ದಾನಾ ಎಂದು ಕರೆಯಬೇಕಿತ್ತು. ಹದಿನೇಳರ ಹುಡುಗಿ, ಹಳೆಯ ಹೆಸರು ಹಿಡಿದು ಕರೆದರೆ ತಿರುಗಿ ನೋಡದಷ್ಟು ಅಭ್ಯಾಸವಾಗಿತ್ತು. ಅಖ್ತರಬೇಗಂ ಕನ್ನಡ ಮಾತಾಡುತ್ತಿರಲಿಲ್ಲ. ಶಮಶಾದಬಿ ಕನ್ನಡದಲ್ಲಿ ಮಾತಾಡಿಸಿದರೆ ಉತ್ತರವನ್ನು ಉರ್ದುವಿನಲ್ಲೇ ಕೊಡುತ್ತಿದ್ದಳು. ಮುದ್ದೇಬಿಹಾಳದ ಸಂತೆಯಲ್ಲಿ ಬದನೆಕಾಯಿಗಾಗಿ ಸೆರಗು ಸೊಂಟಕ್ಕೆ ಸಿಗಿಸಿ ಜಗಳ ತೆಗೆಯುತ್ತಿದ್ದ ಅಖ್ತರ ಎಲ್ಲಿ ಹೋದಳು ಎಂದು ಶಮಶಾದಬಿ ಅವಳ ತುಟಿಗಳನ್ನೇ ನೋಡುತ್ತಿದ್ದಳು. ಪೀರಬಿಯೊಬ್ಬಳು ಬದಲಾಗಿರಲಿಲ್ಲ. ಆಕೆಗೆ ಬೇರೆ ಮಾತು ಬರುತ್ತಿರಲಿಲ್ಲ. ಬಾಗೇವಾಡಿಯಲ್ಲಿ ಕಲಿತ ನಾಲ್ಕು ಮುರುಕು ಉರ್ದು ಮಾತುಗಳನ್ನು ಇಲ್ಲಿಯವರು ಕೇಳಿ ನಗುತ್ತಿದ್ದರು. ಇಳಕಲ್ ಸೀರೆ ಬಿಡಲಿಲ್ಲ. ಹಿಂದಿನ ಕೋಣೆಯಲ್ಲಿ ಕೂತು, ಇಡೀ ದಿನ ಯಾರಾದರೂ ಬರುವುದನ್ನು ಕಾಯುತ್ತಿದ್ದಳು. ಶಮಶಾದಬಿ ಬಂದ ಮೇಲೆ ಮುದುಕಿಗೆ ಮಾತೆಂಬುದು ಮಳೆಗಾಲದ ಡೋಣಿ ಹೊಳೆಯಂತೆ ಬಂದುಬಿಟ್ಟಿತು. ಯಾರ ಎಮ್ಮೆ ಈದಿತು, ಗುರಪ್ಪನ ಬಾವಿಗೆ ನೀರು ಬಂತೇ, ಸಿದ್ದಲಿಂಗವ್ವ ಇನ್ನೂ ಇದ್ದಾಳೇನು. ಇಷ್ಟು ವರ್ಷ ಒಳಗೇ ಇಟ್ಟುಕೊಂಡದ್ದನ್ನೆಲ್ಲ ಅವಳ ಕೈ ಹಿಡಿದು ಕೇಳುತ್ತಿದ್ದಳು. ಕೇಳುತ್ತ ಕೇಳುತ್ತ ಶಮಶಾದಬಿಗೆ ಕೆಲವೊಮ್ಮೆ ಬೇಸರವಾಗುತ್ತಿತ್ತು. ಹೊರಗಿನ ಕೋಣೆಯಲ್ಲಿ ರೇಡಿಯೋ ಹಾಡುತ್ತಿರುತ್ತಿತ್ತು. ತಾನೂ ಅಲ್ಲಿ ಹೋಗಿ ಕೂರಬೇಕು ಅನ್ನಿಸುತ್ತಿತ್ತು.

ಸಂಜೆ ಕೆಳಗಿನ ಮನೆಯ ಬೇಗಂ ಒಬ್ಬಳೇ ಬರಲಿಲ್ಲ, ಅವಳ ನಾದಿನಿಯೂ ಬಂದಳು. ಬಂದದ್ದು ಚಹಕ್ಕಲ್ಲ ಎಂಬುದು ಅಖ್ತರಬೇಗಂ ಮೇಜಿಗೆ ಹಾಸಿದ ಕಸೂತಿಯ ಬಟ್ಟೆ ನೋಡಿಯೇ ಶಮಶಾದಬಿಗೆ ತಿಳಿಯಿತು. ಬೇಗಂಳ ತಮ್ಮನಿಗೆ ದುರ್ದಾನಾಳನ್ನು ನೋಡುತ್ತಿದ್ದರು. ಹುಡುಗಿ ತಲೆ ತಗ್ಗಿಸಿ ಕಪ್ಪು ಕೊಟ್ಟಳು. ಶಮಶಾದಬಿಯನ್ನು ಕುರ್ಚಿಯಲ್ಲೇ ಕೂರಿಸಿದ್ದರು. ಅಖ್ತರಬೇಗಂ ತನ್ನ ಒಳ್ಳೆಯ ದುಪಟ್ಟಾ ಒಂದನ್ನು ಅವಳಿಗೆ ಹೊದಿಸಿದ್ದಳು. ಆ ದುಪಟ್ಟಾ ಹೆಗಲಿನಿಂದ ಜಾರುತ್ತಿತ್ತು, ಸರಿಪಡಿಸಿಕೊಳ್ಳುತ್ತ ಸರಿಪಡಿಸಿಕೊಳ್ಳುತ್ತ ಅವಳಿಗೆ ಮಾತೇ ಕೇಳಿಸುತ್ತಿರಲಿಲ್ಲ. ನೀವೂ ಹೈದರಾಬಾದಿನವರೇ? ಎಂದು ಬೇಗಂ ಕೇಳಿದಾಗ ಜೀ ಎಂದಳು. ಅಷ್ಟೇ ಅಂದಳು. ಹೆಚ್ಚು ಆಡಿದರೆ ತನ್ನ ಉರ್ದು ತನ್ನನ್ನು ಹಿಡಿದುಕೊಡುತ್ತದೆ ಎಂದು ಭಯ. ಬೇಗಂ ಒಳ್ಳೆಯವಳು, ಚೆಂದ ನಗುತ್ತಿದ್ದಳು, ಪಾನಿನ ಡಬ್ಬಿ ತೆರೆದು ಮೊದಲ ಪಾನನ್ನು ಇವಳಿಗೇ ಕೊಟ್ಟಳು. ಅಷ್ಟು ದೊಡ್ಡವಳು ತನಗೆ ಮೊದಲು ಕೊಟ್ಟಳಲ್ಲ ಎಂದು ಶಮಶಾದಬಿಗೆ ಒಳಗೊಳಗೇ ಹಿಗ್ಗಾಯಿತು. ಆ ಹಿಗ್ಗನ್ನು ಅವಳು ಆಮೇಲೆ ಎಷ್ಟು ದಿನ ನೆನೆದು ನೆನೆದು ಸುಟ್ಟುಕೊಂಡಳೋ.

ಹಿಂದಿನ ಕೋಣೆಯ ಪರದೆ ಅಲುಗಿತು. ಪೀರಬಿ ಚೌಕಟ್ಟು ಹಿಡಿದು ನಿಂತಿದ್ದಳು. ಮುಖದಲ್ಲಿ ಗಾಬರಿಯಿತ್ತು, ಆದರೆ ಧ್ವನಿಯನ್ನು ಹದದಲ್ಲಿಟ್ಟುಕೊಂಡು, ಮನೆಗೆ ಬಂದವರ ಮುಂದೆ ಬಿಡದ ನಗೆಯನ್ನೂ ಇಟ್ಟುಕೊಂಡು ಹೇಳಿದಳು:

"ಶಮಶಾದ, ಒಂದೀಟು ಬಾ ಯವ್ವಾ. ನನ್ನ ಸೀರಿ ಒದ್ದಿ ಆಗೇತಿ. ತಡಿಯಾಕ ಆಗ್ಲಿಲ್ಲ. ಇವರ್ಯಾರಿಗೂ ತಿಳ್ಯಾಂಗಿಲ್ಲ, ನೀ ಏನೋ ಕೆಲಸಕ್ಕ ಎದ್ದಂಗ ಎದ್ದು ಬಾ."

ಮುದುಕಿ ಜಾಣೆ. ಬಂದವರಿಗೆ ತಿಳಿಯದ ಮಾತಿನಲ್ಲಿ ತನ್ನ ಮಾನವನ್ನು ಸುತ್ತಿ, ಆ ಮಾತಿಗೆ ಓಗೊಡುವ ಒಬ್ಬಳ ಕಡೆಗೆ ಚಾಚಿದ್ದಳು. ಬೇಗಂ ತಿರುಗಿ ನೋಡಿದಳು. ನಾದಿನಿಯೂ ನೋಡಿದಳು. ಇದು ಯಾವ ಭಾಷೆ? ಎಂದು ಬೇಗಂ ಕೇಳಿದಳು. ಕೇಳಿದ್ದರಲ್ಲಿ ಕುಹಕವೇನೂ ಇರಲಿಲ್ಲ, ಬರೀ ಕುತೂಹಲ. ಅಖ್ತರಬೇಗಂಳ ಕೈಯಲ್ಲಿದ್ದ ಕಪ್ಪು ತಟ್ಟೆಗೆ ತಾಗಿ ಸದ್ದಾಯಿತು. ಭಾಷೆಯೇನಿಲ್ಲ, ವಯಸ್ಸಾಯಿತು, ತಲೆ ನೆಟ್ಟಗಿಲ್ಲ, ಏನೇನೋ ಬಡಬಡಿಸುತ್ತಾರೆ ಎಂದಳು. ಹೇಳಿ ಶಮಶಾದಬಿಯ ಕಡೆ ತಿರುಗಿ, ನಿನಗೂ ಏನೂ ತಿಳಿಯಲಿಲ್ಲ ಅಲ್ಲವೇ ಎಂದಳು. ಆ ಕಣ್ಣುಗಳಲ್ಲಿ ಬೇಡಿಕೆಯಿತ್ತು, ಹೆದರಿಕೆಯೂ ಇತ್ತು. ಬಾಗಿಲ ಬಳಿ ಪೀರಬಿ ನಿಂತೇ ಇದ್ದಳು. ಎಲ್ಲರೂ ಶಮಶಾದಬಿಯನ್ನು ನೋಡುತ್ತಿದ್ದರು. ಬಾಯಲ್ಲಿ ಪಾನು ತುಂಬಿಕೊಂಡಿದ್ದ ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು.

ಪೀರಬಿಯ ನಗೆ ಒಮ್ಮೆಲೇ ಹೋಗಲಿಲ್ಲ. ತನಗೆ ಸರಿಯಾಗಿ ಕಾಣಿಸಲಿಲ್ಲವೇನೋ ಎಂಬಂತೆ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ತಿರುಗಿದಳು. ಗೋಡೆ ಹಿಡಿದು, ಒಂದೊಂದೇ ಹೆಜ್ಜೆ. ಸಿಮೆಂಟಿನ ನೆಲದ ಮೇಲೆ ಒದ್ದೆ ಹೆಜ್ಜೆಗಳು ಮೂಡುತ್ತ ಹೋದವು. ನಾದಿನಿ ಮೂಗಿಗೆ ಕರವಸ್ತ್ರ ಹಿಡಿದು ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡಳು. ಪಾಪ, ಎಂದಳು ಬೇಗಂ. ಮತ್ತೆ ಮಾತು ಹುಡುಗಿಯ ಹೊಲಿಗೆ ಕೆಲಸದ ಕಡೆ ತಿರುಗಿತು.

ಅವರು ಮೆಟ್ಟಿಲಿಳಿದ ಸದ್ದು ನಿಂತೊಡನೆ ಶಮಶಾದಬಿ ಒಳಗೆ ಓಡಿದಳು. ಪೀರಬಿ ತಾನೇ ಸೀರೆ ಬಿಚ್ಚಿ, ಬಚ್ಚಲಲ್ಲಿ ಅದನ್ನು ನೀರಿನಲ್ಲಿ ಅದ್ದಿ, ಹಿಂಡಲಾರದೆ ನೀರು ಸುರಿಯುತ್ತಿದ್ದಂತೆಯೇ ಮಂಚದ ಅಂಚಿಗೆ ಹಾಕಿದ್ದಳು. ಹಳೆಯ ಚಾದರ ಸುತ್ತಿಕೊಂಡು ಕೂತಿದ್ದಳು. "ಅತ್ತೀ," ಎಂದಳು ಶಮಶಾದಬಿ. ಮುದುಕಿ ಮುಖ ತಿರುಗಿಸಲಿಲ್ಲ, ಸಿಟ್ಟೂ ಮಾಡಲಿಲ್ಲ. ಟ್ರಂಕಿನಿಂದ ಒಣ ಸೀರೆ ತೆಗೆದು ಉಡಿಸಲು ಹೋದರೆ ಕೈಗಳನ್ನು ಎತ್ತಿ ಸುಮ್ಮನೆ ನಿಂತಳು, ಮಗುವಿನ ಹಾಗೆ, ಅಥವಾ ಪರದೇಶದ ಆಸ್ಪತ್ರೆಯಲ್ಲಿ ಗುರುತಿಲ್ಲದ ದಾದಿಯ ಮುಂದೆ ನಿಂತವರ ಹಾಗೆ. ಏನಾದರೂ ಬೈದಿದ್ದರೆ, ಬಾಗೇವಾಡಿಯ ಕಾಲದಂತೆ ನಿನ್ನ ಬಾಯಾಗ ಮಣ್ಣು ಬೀಳ್ಲಿ ಅಂದಿದ್ದರೆ, ಅಳಬಹುದಿತ್ತು. ಬೆಳಗಿನವರೆಗೆ ನಿಲ್ಲದ ಮುದುಕಿಯ ಆ ಮಾತು ನಿಂತಿತ್ತು.

ಕತ್ತಲಾಗುವ ಮೊದಲು ಎಲ್ಲರೂ ಸಮುದ್ರ ನೋಡಲು ಹೋಗಬೇಕೆಂದು ಬೆಳಿಗ್ಗೆಯೇ ಮಾತಾಗಿತ್ತು. ಅಮೀನುದ್ದೀನ ಬಂದರಿನ ಕಚೇರಿಯಿಂದ ನೇರ ಅಲ್ಲಿಗೇ ಬಂದ. ಅವನೂ ಅಖ್ತರಬೇಗಂಳೂ ಮಗಳೊಂದಿಗೆ ಮುಂದೆ ಹೋದರು. ಹುಡುಗಿಯನ್ನು ಒಪ್ಪಿದ್ದಾರೆಂಬ ಸುದ್ದಿ ಆಗಲೇ ಬಂದಿತ್ತು, ಅಖ್ತರಬೇಗಂಳ ನಡಿಗೆಯೇ ಬೇರೆಯಾಗಿತ್ತು. ಮೋದಿನಸಾಬ ಧೋತರದ ಬದಲು ಅಮೀನನ ಪೈಜಾಮ ತೊಟ್ಟಿದ್ದ, ಅದು ಕಣಕಾಲಿಗಿಂತ ಮೇಲಿತ್ತು. ಜನ್ನತಬಿ ತಾಯಿಯ ಕೈ ಹಿಡಿದು ನಡೆಯುತ್ತಿದ್ದವಳು ಒಮ್ಮೆಲೇ ಕೇಳಿದಳು. "ಅವ್ವಾ, ಅಜ್ಜಿ ಹೇಳಿದ್ದು ನಿನಗ ತಿಳೀಲಿಲ್ಲೇನು?" ಶಮಶಾದಬಿ ನಿಂತಳು. "ನೀ ಎಲ್ಲಿದ್ದಿ?" ಎಂದಳು. ಕೋಣೆಯ ಮುಂದಿನ ಗ್ಯಾಲರಿಯಲ್ಲಿ ಎಂದಳು ಮಗಳು. "ನನಗ ತಿಳೀತು. ನಾ ಬರಬೇಕಂತಿದ್ದೆ. ನೀನ ತಿಳೀಲಿಲ್ಲ ಅಂದಿ. ಅದಕ್ಕ ನನಗೂ ತಿಳೀಬಾರದೇನೋ ಅಂತ ಸುಮ್ಮನ ಕೂತೆ." ಹೇಳಿ, ಉತ್ತರಕ್ಕೆ ಕಾಯದೆ, ಒಂಟೆ ನೋಡಲು ಓಡಿದಳು. ತೆರೆಗಳು ಬಂದು ಬಂದು ಮರಳಿನ ಮೇಲಿದ್ದ ಅವಳ ಹೆಜ್ಜೆಗಳನ್ನು ತೆಗೆದುಕೊಂಡು ಹೋಗುತ್ತಿದ್ದವು.

ಆಗಲೇ ಮೋದಿನಸಾಬ ಹೇಳಿದ. ಬಹಳ ದಿನದಿಂದ ಬಾಯಲ್ಲಿಟ್ಟುಕೊಂಡವನ ಹಾಗೆ, ನೀರಿನ ಕಡೆ ನೋಡುತ್ತ ಹೇಳಿದ.

"ಅಮೀನ ಒಂದು ಸಾಲಿ ನೋಡ್ಯಾನ. ಲೆಕ್ಕ ಕಲಿಸೂದು. ಲೆಕ್ಕಕ್ಕ ಭಾಷಾದ್ದೇನು ತೊಂದ್ರಿ ಇಲ್ಲ."

"ಯಾರಿಗೆ?"

"ನನಗ."

"ಸೂಟಿ ಮುಗದಿಂದ ಸಿಂದಗ್ಯಾಗ ಸಾಲಿ ಸುರು ಆಗ್ತೈತಲ್ರಿ."

"ಸೂಟಿ ಮುಗಿಸೂದ ಬ್ಯಾಡ ಅಂತೀನಿ ನಾನು."

ಅವಳಿಗೆ ಮೊದಲು ಹೊಳೆದದ್ದು ದುಪಟ್ಟಾ. ಅದನ್ನು ಹೊದಿಸಿದ್ದು, ಊರಿನ ಹೆಸರು ಕಲಿಸಿದ್ದು, ಜನ್ನತಬಿಗೆ ಉರ್ದುವಿನ ಅಲಿಫ್ ಬೇ ಕಲಿಸಲು ಹಚ್ಚಿದ್ದು. ಎಲ್ಲರಿಗೂ ಗೊತ್ತಿತ್ತು. ತಾನೊಬ್ಬಳು ಸೂಟಿಗೆ ಬಂದಿದ್ದಳು. "ಅಲ್ಲೇನು ಕಡಿಮಿ ಆಗೇತ್ರಿ ನಿಮಗ?" ಎಂದಳು. ಮೋದಿನಸಾಬ ಪೈಜಾಮದ ಅಂಚನ್ನು ಕೆಳಗೆ ಎಳೆದುಕೊಂಡ. ಆಮೇಲೆ ಹೇಳಿದ. ಹೋದ ವರ್ಷ ಸಿಂದಗಿಯ ಚಹದ ಅಂಗಡಿಯಲ್ಲಿ ಮಂದಿಯೆಲ್ಲ ಕೂತಾಗ ಹಿರಿಯರೊಬ್ಬರು, ಅವನ ಕೈಲಿ ಮಕ್ಕಳನ್ನು ಓದಿಸಿದವರೇ, ನಗುತ್ತ ಕೇಳಿದ್ದರಂತೆ: ನಿಮ್ಮ ಗೆಳ್ಯಾ ಹ್ವಾದ, ನೀವ್ಯಾವಾಗ ಹೊಂಟ್ರಿ ಮಾಸ್ತರ? "ಎಲ್ಲಾರೂ ನಕ್ರು. ಅವರ ಮನಸಿನ್ಯಾಗ ವಿಷ ಏನಿರ್ಲಿಲ್ಲ. ನಾನೂ ನಕ್ಕೆ, ಶಮಶಾದ. ಆ ನಕ್ಕದ್ದೈತಲ್ಲ, ಅದು ನನ್ನ ಇನ್ನೂ ತಿನ್ನಾಕತ್ತೈತಿ. ಸಾಲ್ಯಾಗ ಹುಡುಗರಿಗೆ ಪದ್ಯ ಹೇಳಿಕೊಡುವಾಗ ನಡುವ ನೆನಪಾಗ್ತೈತಿ." ಗಂಡನ ಮುಖವನ್ನು ಅವಳು ಆವತ್ತು ಮೊದಲ ಸಲ ನೋಡಿದಂತೆ ನೋಡಿದಳು. ಇಷ್ಟು ದಿನ ಒಂದೇ ಮನೆಯಲ್ಲಿ ಇದನ್ನು ಎಲ್ಲಿ ಬಚ್ಚಿಟ್ಟಿದ್ದ? ಅವನ ಮೇಲೆ ಕನಿಕರ ಉಕ್ಕಿತು. ಹೂಂ, ಇಲ್ಲೇ ಇರೋಣ ಎಂಬ ಮಾತು ನಾಲಿಗೆಯ ತನಕ ಬಂತು. ಅದರ ಹಿಂದೆಯೇ ನೆಲದ ಮೇಲಿನ ಆ ಒದ್ದೆ ಹೆಜ್ಜೆಗಳೂ ಬಂದವು.

"ಇವತ್ತು ನಾ ಏನು ಮಾಡೇನಿ ಗೊತ್ತೈತೇನ್ರಿ?" ಎಂದು ಶುರುಮಾಡಿ ಎಲ್ಲವನ್ನೂ ಹೇಳಿದಳು. ಹೇಳುವಾಗ ತನ್ನನ್ನು ಎಲ್ಲಿಯೂ ಉಳಿಸಿಕೊಳ್ಳಲಿಲ್ಲ, ಪಾನು ಸಿಕ್ಕಾಗಿನ ಹಿಗ್ಗನ್ನೂ ಬಿಡಲಿಲ್ಲ. ಮೋದಿನಸಾಬ ಕಣ್ಣು ಮುಚ್ಚಿಕೊಂಡ. ಅಖ್ತರಳಿಗೂ ಕಷ್ಟ ಇರುತ್ತದೆ, ಹುಡುಗಿಯ ಲಗ್ನ ಎಂದು ಗೊಣಗಿದ.

"ಅಖ್ತರನ ಮಾತು ಬಿಡ್ರಿ. ನನ್ನ ಕೊಳ್ಳಿಗೆ ಯಾರೂ ಕೈ ಹಾಕಿರ್ಲಿಲ್ಲ. ತಲಿ ತಾನ ಅಲ್ಲಾಡ್ತು. ನಿಮಗ ನಗಿ ಹೆಂಗ ಬಂತೋ ಹಂಗ. ಅಲ್ಲಿದು ನನಗ ಗೊತ್ತಿಲ್ಲ, ನಿಮ್ಮ ಸಂಕಟ ನಿಮಗ. ಆದ್ರ ಇಲ್ಲೆ ಉಳದ್ರ ದಿನಾ ಅಲ್ಲಾಡಸಬೇಕಾಗ್ತೈತಿ. ರೂಢಿ ಆಗ್ತೈತಿ. ಆಮ್ಯಾಲ ಒಂದಿನ ನಾ ಮುದುಕಿ ಆಗಿ ಪರದೆ ಹಿಡಕೊಂಡು ನಿಂತಿರ್ತೇನಿ, ಜನ್ನತ ಕುರ್ಚಿ ಮ್ಯಾಲ ಕೂತಿರ್ತಾಳ." ಅಷ್ಟು ಹೇಳಿ ಅವಳು ಒಂಟೆಯ ಬಳಿ ನಿಂತ ಮಗಳ ಕಡೆ ನೋಡಿದಳು. "ನೀವು ಇರ್ತೀನಿ ಅಂದ್ರ ಇರ್ರಿ. ನಾನೂ ನನ್ನ ಮಗಳೂ ಹೋಗ್ತೀವಿ."

ಹೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು. ಗಂಡನಿಲ್ಲದೆ ಹಡಗು ಹತ್ತುವುದೆಂದರೇನು, ಸಿಂದಗಿಯ ಓಣಿಯಲ್ಲಿ ಮಾಸ್ತರೆಲ್ಲಿ ಎಂದು ಕೇಳಿದರೆ ಏನು ಹೇಳುವುದು. ಮೋದಿನಸಾಬ ಮಗಳನ್ನು ಕರೆತರಲು ಒಂಟೆಯ ಕಡೆ ನಡೆದ. ಉತ್ತರವನ್ನು ಆ ದಿನವೂ ಕೊಡಲಿಲ್ಲ, ಮರುದಿನವೂ ಕೊಡಲಿಲ್ಲ.

ಪೀರಬಿಯೂ ಮಾತಾಡಲಿಲ್ಲ. ಶಮಶಾದಬಿ ದಿನಾ ಆಕೆಯ ಕೋಣೆಯಲ್ಲಿ ಕೂತು ಊರ ಸುದ್ದಿಯನ್ನೆಲ್ಲ ತಾನೇ ಹೇಳುತ್ತಿದ್ದಳು, ಕೇಳದಿದ್ದರೂ ಹೇಳುತ್ತಿದ್ದಳು, ಬಾಳಮ್ಮನ ಮೊಮ್ಮಗನ ವಿಷಯ, ಮೋರಟಗಿಯ ಬಿಳಿಜೋಳದ ವಿಷಯ. ಮೊದಲು ಬೇಸರಪಟ್ಟುಕೊಂಡು ಕೊಟ್ಟ ಉತ್ತರಗಳನ್ನು ಈಗ ಬಿಡಿಸಿ ಬಿಡಿಸಿ ಕೊಟ್ಟಳು. ಮುದುಕಿ ಕಿಟಕಿಯಾಚೆ ನೋಡುತ್ತಿದ್ದಳು. ಕ್ಷಮಿಸಿರಿ ಎಂಬ ಒಂದು ಮಾತು ಮಾತ್ರ ಶಮಶಾದಬಿಗೆ ಆಡಲು ಬರಲಿಲ್ಲ. ಬಾಗೇವಾಡಿಯ ಮನೆಗಳಲ್ಲಿ ಆ ಮಾತಿಗೆ ಬಳಕೆಯೇ ಇರಲಿಲ್ಲ. ತಪ್ಪು ಮಾಡಿದವರು ಮರುದಿನ ಸುಮ್ಮನೆ ಬಂದು ಉಣ್ಣಲು ಕೂರುತ್ತಿದ್ದರು, ಬಡಿಸುವವರು ಸುಮ್ಮನೆ ಬಡಿಸುತ್ತಿದ್ದರು. ಒಂದು ಮಧ್ಯಾಹ್ನ ಮೋದಿನಸಾಬನೂ ಬಂದು ಮಂಚದ ಕೆಳಗೆ ಕೂತು, ಚಿಕ್ಕಂದಿನಂತೆ ಮುದುಕಿಯ ಮೊಣಕಾಲಿಗೆ ತಲೆ ಆನಿಸಿ, "ನಾ ಇಲ್ಲೆ ಇರಲೇನ ಯವ್ವಾ?" ಎಂದು ಕೇಳಿದ. ಪೀರಬಿ ಅವನ ತಲೆಯ ಮೇಲೆ ಕೈಯಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಆ ಕೈಯಿಂದಲೇ ಅವನ ತಲೆಯನ್ನು ಮೆಲ್ಲಗೆ ತನ್ನಿಂದ ಆಚೆಗೆ ದೂಡಿದಳು.

ಅಖ್ತರಬೇಗಂ ಒಂದು ದಿನ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ, ಇಬ್ಬರೇ ಇದ್ದಾಗ, ಕನ್ನಡ ಮಾತಾಡಿದಳು. ಬಹಳ ದಿನ ಮುಚ್ಚಿಟ್ಟ ಬಾಗಿಲಿನಂತೆ ಮಾತು ಮೊದಲು ಕಿರುಗುಟ್ಟಿತು. "ನಾ ಕೆಟ್ಟಾಕಿ ಅಂತ ತಿಳದೀ, ಹೌದಿಲ್ಲೋ?" ಶಮಶಾದಬಿ ಒಂದು ಬಟ್ಟೆಯನ್ನು ಕೊಡವಿ ಹಗ್ಗಕ್ಕೆ ಹಾಕಿದಳು. "ಬಂದ ಹೊಸದಾಗಿ ನೀರಿನ ಪಾಳೇದಾಗ ನಿಂತಿದ್ದೆ. ದಾವಲ ಸಣ್ಣಾಕಿ. ಇಲ್ಲೆ ಬಾರ ಮಗಳ ಅಂತ ಒದರಿದೆ. ಬಾಜು ನಿಂತಾಕಿ ತನ್ನ ಕೂಸಿನ್ನ ಎತಗೊಂಡು ಅತ್ತಾಗ ಸರದಳು. ಹಿಂದೂಗೋಳು ಇನ್ನೂ ಅದಾರೇನ ಇಲ್ಲೆ ಅಂದಳು. ಅಲ್ಲೆ ನಿಮ್ಮ ದೇಶಕ್ಕ ಹೋಗ್ರಿ ಅಂದ್ರು. ಇಲ್ಲೆ ಬಂದ್ರ ನೀವು ಯಾವ ದೇಶದವರು ಅಂತಾರ. ನನ್ನ ಮಗಳಿಗರ ಒಂದು ದೇಶ ಆಗ್ಲಿ ಅಂತ ಮಾಡೇನಿ ಶಮಶಾದ. ಅತ್ತಿ ಹೊಟ್ಟಿ ಉರಸೂದು ನನಗೇನು ಚಂದ ಅನಸ್ತೈತೇನು?" ಒದ್ದೆ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. ಶಮಶಾದಬಿ ಅವಳ ಬೆನ್ನ ಮೇಲೆ ಕೈಯಿಟ್ಟಳು. ಈ ಮನೆಯ ಗುಟ್ಟನ್ನು ತಾನು ಒಡೆಯುವುದಿಲ್ಲ ಎಂದು ಅವಳಿಗೆ ಆಗಲೇ ಅನ್ನಿಸಿತು. ಆದರೆ ಹೊರಡುವ ದಿನ, ಎಲ್ಲರ ಎದುರಿಗೆ, ಆ ನಿಶ್ಚಯ ನಿಲ್ಲಲಿಲ್ಲ.

ಹೊರಡುವ ಹಿಂದಿನ ದಿನ ಮೋದಿನಸಾಬ ಯಾರೊಂದಿಗೂ ಮಾತಾಡದೆ ತನ್ನ ಕೋಟನ್ನು ಮಡಚಿ ಟ್ರಂಕಿನಲ್ಲಿಟ್ಟ. ಅಮೀನುದ್ದೀನ ಅದನ್ನು ನೋಡಿ ಹೊರಗೆ ಹೋದ, ಸಾಲೆಯವರಿಗೆ ಹೇಳಿ ಬರಲು ಇರಬೇಕು. ಬೆಳಿಗ್ಗೆ ಟಾಂಗಾ ಬಂದಾಗ ಕೆಳಗಿನ ಮನೆಯ ಬೇಗಂ, ಈಗ ಬೀಗಿತ್ತಿ, ಬೀಳ್ಕೊಡಲು ಮೇಲೆ ಬಂದಿದ್ದಳು. ಪೀರಬಿಯನ್ನು ಹೊರಗಿನ ಕೋಣೆಗೆ ಕರೆತಂದು ಕೂರಿಸಿದ್ದರು. ಶಮಶಾದಬಿ ಎದುರಿಗೆ ಬಾಗಿ ಆ ಕೈ ಹಿಡಿದಳು. ಮುದುಕಿಯ ಕೈ ಬೆಚ್ಚಗಿತ್ತು. ಮುಂದಿನ ಬೇಸಿಗೆ ಎಂಬ ಮಾತು ಯಾರ ಬಾಯಲ್ಲೂ ಇರಲಿಲ್ಲ, ಇನ್ನು ಈ ಕೈ ಸಿಗುವುದಿಲ್ಲ. ಅಖ್ತರ, ದಾವಲಬಿ, ಬೇಗಂ, ಗುಟ್ಟು, ಎಲ್ಲ ಎಲ್ಲೋ ಹಿಂದೆ ಸರಿದವು. ಗಂಟಲು ಬಿಟ್ಟು, ಓಣಿಯಲ್ಲಿ ಆಡುವ ಧ್ವನಿಯಲ್ಲಿ ಹೇಳಿದಳು:

"ಅತ್ತೀ, ಹೋಗಿ ಬರ್ತೇನ್ರಿ. ಅವತ್ತು ನೀವು ಅಂದದ್ದು ನನಗ ತಿಳದಿತ್ತು. ಎಲ್ಲಾ ತಿಳದಿತ್ತು."

ಬೇಗಂ ಅಖ್ತರಬೇಗಂಳ ಕಡೆ ನೋಡಿದಳು. ಅಖ್ತರಬೇಗಂಳ ಮುಖ ಬಿಳಿಚಿತ್ತು. ಬಾಗಿಲ ಹಿಂದೆ ದಾವಲಬಿಯ ಬಳೆಗಳು ಒಮ್ಮೆ ಸದ್ದು ಮಾಡಿ ನಿಂತವು. ಆ ಬಳೆಯ ಸದ್ದಿಗೋ ಏನೋ ಪೀರಬಿ ಕಣ್ಣೆತ್ತಿದಳು. ಇಷ್ಟು ದಿನದ ಮೇಲೆ ಬಾಯಿ ತೆರೆದಳು. ಶಮಶಾದಬಿಯನ್ನು ಬಿಟ್ಟು ಬೇಗಂಳ ಕಡೆ ತಿರುಗಿ, ತನಗೆ ಬರುವ ಮುರುಕು ಉರ್ದುವಿನಲ್ಲಿ, ಅರ್ಥವಾಗದ ಮುದುಕಿಯ ನಗೆ ನಗುತ್ತ, "ಕ್ಯಾ ಬೋಲ್ರೈ ಯೇ ಬೇಟಿ? ಮೇರೆಕು ಸಮಝಾ ನೈ," ಎಂದಳು, ಈ ಮಗಳು ಏನನ್ನುತ್ತಾಳೋ ನನಗೆ ತಿಳಿಯಲಿಲ್ಲ ಎಂದು. ಮುದುಕಿಯನ್ನು ನಗಿಸಲು ಅವಳದೇ ಬಡಬಡಿಕೆಯನ್ನು ಆಡಿ ತೋರಿಸಿದ್ದಾಳೆ ಅಂದುಕೊಂಡು ಬೇಗಂ ನಕ್ಕುಬಿಟ್ಟಳು. ಅಖ್ತರಬೇಗಂಳೂ ನಕ್ಕಳು, ಉಸಿರು ಬಿಟ್ಟಂತೆ. ಮೊಮ್ಮಗಳ ಲಗ್ನ ಉಳಿಯಿತು. ಆದರೆ ಪೀರಬಿ ಹಿಡಿದ ಕೈ ಬಿಟ್ಟಿರಲಿಲ್ಲ. ಎಲುಬು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು, ಉಗುರು ಶಮಶಾದಬಿಯ ಅಂಗೈಯಲ್ಲಿ ಇಳಿದಿತ್ತು. ಕೆಳಗಿನಿಂದ ಟಾಂಗಾದವನು ಕೂಗಿದ. ಮೋದಿನಸಾಬ ಬಂದು ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಹಡಗಿನಲ್ಲಿ ಶಮಶಾದಬಿ ಆ ಹಿಡಿತದ ಬಗ್ಗೆ ಮತ್ತೆ ಮತ್ತೆ ತನ್ನನ್ನೇ ಕೇಳಿಕೊಂಡಳು. ಅದು ಕ್ಷಮೆಯೋ, ಶಿಕ್ಷೆಯೋ, ಅಥವಾ ನನ್ನನ್ನು ಇಲ್ಲಿ ಬಿಟ್ಟು ಹೋಗಬೇಡಿರಿ ಎಂಬ ಬೇಡಿಕೆಯೋ? ತಾನು ಎಲ್ಲರ ಎದುರು ಮಾತಾಡಿದ್ದು ಮುದುಕಿಗಾಗಿಯೋ ತನ್ನ ಎದೆ ಹಗುರ ಮಾಡಿಕೊಳ್ಳಲಿಕ್ಕೋ? ತಾನು ಹಗುರಾಗಲು ಹೋಗಿ ಆ ಭಾರವನ್ನೂ ಆಕೆಯ ಮೇಲೆಯೇ ಹೊರಿಸಿ ಬಂದಳೇ? ಪಕ್ಕದಲ್ಲಿ ಮೋದಿನಸಾಬ ಮಗಳಿಗೆ ದೂರದ ಮೀನುದೋಣಿಗಳನ್ನು ತೋರಿಸುತ್ತಿದ್ದ. ಅವನು ಯಾಕೆ ಬಂದ ಎಂದು ಅವಳು ಕೇಳಲಿಲ್ಲ.

ಸಿಂದಗಿಗೆ ಬಂದ ಮೇಲೆ, ಮಳೆ ಇನ್ನೂ ಹಿಡಿದಿರಲಿಲ್ಲ, ಸಾಲೆ ಶುರುವಾಗಿತ್ತು, ಠಾಣೆಯಿಂದ ಕರೆ ಬಂತು. ಪರದೇಶಕ್ಕೆ ಹೋಗಿ ಬಂದವರು ಹೇಳಿಕೆ ಕೊಡಬೇಕು, ಮನೆಯವರೂ ಬರಬೇಕು. ಜಮಾದಾರ ಶಂಕರೆಪ್ಪ ಗುರುತಿನವನೇ. ಮಾಸ್ತರನ್ನು ಕರೆಸಿದ್ದಕ್ಕೆ ಅವನಿಗೇ ಸಂಕೋಚ. ಕಟ್ಟಿಗೆಯ ಬಾಕು ಒರೆಸಿ ಅದರ ಮೇಲೆ ಕೂರಿಸಿದ. ಎಲ್ಲಿದ್ದಿರಿ, ಏನು ನೋಡಿದಿರಿ ಎಂದು ಬೇಗ ಬೇಗ ಕೇಳಿ ಬರೆದುಕೊಂಡ. ಆಮೇಲೆ ಕೇಳಿದ. "ಇಳಕೊಂಡಿದ್ರಲ್ಲ ಮಾಸ್ತರ, ಆ ಮನ್ಯಾವರು ನಿಮಗ ಏನಾಗಬೇಕ್ರಿ?"

ಮೋದಿನಸಾಬ ಕೈಯಲ್ಲಿದ್ದ ಟೋಪಿಯನ್ನು ನೋಡಿದ. "ಏನೂ ಆಗಬೇಕಿಲ್ರಿ. ಗುರ್ತಿನವರು."

"ಹಂಗ ಬರೀತೇನಿ. ಅದ ಚಲೋ," ಎಂದು ಶಂಕರೆಪ್ಪ ಹಗುರಾದವನಂತೆ ಲೆಕ್ಕಣಿಕೆ ಎತ್ತಿದ.

ಬಾಗಿಲ ಬಳಿ ಸೆರಗು ಹೊದ್ದು ನಿಂತಿದ್ದ ಶಮಶಾದಬಿ ಒಂದು ಹೆಜ್ಜೆ ಒಳಗೆ ಬಂದಳು. "ಅದು ಖರೆ ಅಲ್ರಿ ಜಮಾದಾರರ," ಎಂದಳು. "ಆ ಮನ್ಯಾಗ ನಮ್ಮತ್ತಿ ಅದಾಳ್ರಿ. ಪೀರಬಿ ಅಂತ. ತವರು ಮೋರಟಗಿ, ಕೊಟ್ಟದ್ದು ಬಾಗೇವಾಡಿಗೆ."

ಶಂಕರೆಪ್ಪ ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದ. "ತಂಗೀ, ನಿನಗ ತಿಳಿಯೂದಿಲ್ಲ. ಸಂಬಂಧ ಐತಿ ಅಂತ ಒಮ್ಮೆ ಬರದ್ರ ಅಳಸಾಕ ಬರೂದಿಲ್ಲ. ಏನರ ಗದ್ದಲ ಆತಂದ್ರ ಮೊದಲ ಇವರನ್ನ ಕರಸ್ತಾರ. ಮಾಸ್ತರಕಿ ಬ್ಯಾರೆ. ನೀವು ರಕ್ತದಲೆ ಏನೂ ಆಗೂದಿಲ್ಲ ಅಂದಮ್ಯಾಲ..." ಹೇಳುತ್ತ ಮೋದಿನಸಾಬನ ಮುಖ ನೋಡಿದ, ನೀವಾದರೂ ಹೇಳಿರಿ ಎಂಬಂತೆ.

ಮೋದಿನಸಾಬ ಟೋಪಿಯನ್ನು ಬಾಕಿನ ಮೇಲೆ ಇಟ್ಟ. ಮುಂದೆ ಅರವತ್ತೈದರ ಯುದ್ಧದ ದಿನಗಳಲ್ಲಿ ಅದೇ ಠಾಣೆಯಲ್ಲಿ ಅವನನ್ನು ಮೂರು ಹಗಲು ಕೂರಿಸಿದರು, ಚಡಚಣದ ಕಡೆಯ ಸಣ್ಣ ಹಳ್ಳಿಗೆ ವರ್ಗ ಮಾಡಿದರು. ಅದೆಲ್ಲ ಅವನಿಗೆ ಆಗ ಗೊತ್ತಿರಲಿಲ್ಲ. ಆದರೆ ಇಂಥದ್ದೇನೋ ಬರುತ್ತದೆಂಬುದು ಗೊತ್ತಿದ್ದವನ ಮುಖ ಅದು.

"ಅತ್ತಿ ಅಂತ ಬ್ಯಾಡ್ರಿ," ಎಂದ. "ತಾಯಿ ಅಂತ ಬರೀರ್ರಿ."